ಕಾಫಿಯ ಕೊನೆಯ ಪರೀಕ್ಷೆ ಕಣದಲ್ಲೇ ಆಗಲಿ

ದೇವರಮನೆಯ ಗುಡ್ಡಸಾಲಿನ ಕೆಳಗೆ, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಸುತ್ತಿನ ತೋಟಗಳಲ್ಲಿ ಬೆಳೆದ ಕಾಫಿ ಹಡಗು ಹತ್ತುವ ಮೊದಲು ಕಡಿಮೆಯೆಂದರೂ ಮೂರು ಕಡೆ ಪರೀಕ್ಷೆಗೆ ನಿಲ್ಲುತ್ತದೆ. ಮೊದಲನೆಯದು ಊರಿನ ವ್ಯಾಪಾರಿಯ ಅಂಗಡಿಯಲ್ಲಿ ಅಥವಾ ಕ್ಯೂರಿಂಗ್ ವರ್ಕ್ಸ್‌ನ ಗೇಟಿನಲ್ಲಿ. ಅಲ್ಲಿ ತೇವಾಂಶದ ಮೀಟರ್ ಇಟ್ಟು ನೋಡುತ್ತಾರೆ, ಹಣ್ಣಾಗಿಯೇ ಒಣಗಿಸಿದ ಚೆರಿಯನ್ನು ಒಂದಷ್ಟು ಸುಲಿದು ಔಟ್‌ಟರ್ನ್, ಎಂದರೆ ಸಿಗುವ ಬೀಜದ ತೂಕ, ನೋಡುತ್ತಾರೆ. ಎರಡನೆಯದು ಕ್ಯೂರಿಂಗ್ ಮುಗಿದ ಮೇಲೆ. ಜರಡಿಯ ಅಳತೆ, ಬೀಜದ ಬಣ್ಣ, ದೋಷವಿರುವ ಬೀಜಗಳ ಎಣಿಕೆ ಅಲ್ಲಿ ನಡೆಯುತ್ತದೆ. ಮೂರನೆಯದು ರಫ್ತುದಾರ ಹೊರದೇಶದ ಖರೀದಿದಾರನಿಗೆ ಕೊರಿಯರಿನಲ್ಲಿ ಕಳಿಸುವ ಮಾದರಿಯ ಪರೀಕ್ಷೆ. ಮಾದರಿ ಒಪ್ಪಿಗೆಯಾಗಬೇಕೆಂಬ ಷರತ್ತಿನ ಮೇಲೆ ಒಪ್ಪಂದವಾಗಿದ್ದರೆ, ಆತ ಅದನ್ನು ಹುರಿದು, ಕುಡಿದು, ಸರಿಯೆಂದ ಮೇಲೆಯೇ 60 ಕೆಜಿಯ 320 ಚೀಲ ತುಂಬಿದ ಕಂಟೇನರ್ ಬಂದರಿನಿಂದ ಹೊರಡುವುದು. ಈ ಮೂರರಲ್ಲಿ ಬೆಳೆಗಾರ ಎದುರು ನಿಂತು ನೋಡುವುದು ಮೊದಲನೆಯದನ್ನು ಮಾತ್ರ. ಉಳಿದೆರಡರ ಫಲ ಅವನಿಗೆ ತಿಂಗಳುಗಳ ನಂತರ ಒಂದು ಚೀಟಿಯ ರೂಪದಲ್ಲಿ ಬರುತ್ತದೆ, ಅನೇಕರಿಗೆ ಅದೂ ಬರುವುದಿಲ್ಲ. ಈ ವ್ಯವಸ್ಥೆಯನ್ನು ಬೆಳೆಗಾರನ ಕಡೆಯಿಂದ ತಿರುಗಿಸಿ ನೋಡಬೇಕು ಎನ್ನುವುದು ಈ ಲೇಖನದ ವಾದ. ಕೊನೆಯ ಮೇಜಿನಲ್ಲಿ ಏನೇನು ಕೇಳುತ್ತಾರೋ ಅದನ್ನೆಲ್ಲ ಚೀಲದ ಬಾಯಿ ಹೊಲಿಯುವ ಮೊದಲೇ ತನ್ನ ಕಣದಲ್ಲಿ ಕೇಳಿಕೊಳ್ಳಬೇಕು. ಕಾರಣ ಸರಳ: ಕಾಫಿಯಲ್ಲಿ ಕೊನೆಗೆ ಸಿಕ್ಕ ತಪ್ಪನ್ನು ಯಾರೂ ತಿದ್ದಲಾರರು.

ಇದರ ತೂಕ ತಿಳಿಯಲು ನಮ್ಮದೇ ರಾಜ್ಯದ ಇನ್ನೊಂದು ರಫ್ತು ಉದ್ಯಮವನ್ನು ಪಕ್ಕದಲ್ಲಿಟ್ಟು ನೋಡಬಹುದು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಪ್ಯಾಕ್ ಆದ ಸರಕನ್ನು ಹಡಗಿಗೆ ಕಳಿಸುವ ಮೊದಲು ಎಕ್ಯೂಎಲ್ ಎಂಬ ಅಂತರರಾಷ್ಟ್ರೀಯ ಕೋಷ್ಟಕದ ಪ್ರಕಾರ ತಪಾಸಣೆ ನಡೆಯುತ್ತದೆ. 3,000 ಶರ್ಟುಗಳ ಲಾಟ್ ಇದ್ದರೆ ಸಾಮಾನ್ಯ ಮಟ್ಟದ ತಪಾಸಣೆಗೆ 125 ಶರ್ಟುಗಳನ್ನು ಎಲ್ಲ ಪೆಟ್ಟಿಗೆಗಳಿಂದ ಚದುರಿಸಿ ಎತ್ತುತ್ತಾರೆ. ಎಕ್ಯೂಎಲ್ 2.5 ಎಂದು ಗೊತ್ತುಮಾಡಿದ್ದರೆ, ದೊಡ್ಡ ದೋಷಗಳು 7ರವರೆಗೆ ಸಿಕ್ಕರೆ ಲಾಟ್ ಪಾಸು, 8 ಸಿಕ್ಕರೆ ಫೇಲು. ಫೇಲಾದರೂ ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಪೆಟ್ಟಿಗೆ ಬಿಚ್ಚಿ, ಬಿಟ್ಟ ಹೊಲಿಗೆ ಹಾಕಿ, ಕಲೆ ತೆಗೆದು, ಗುಂಡಿ ಬದಲಿಸಿ, ಇಸ್ತ್ರಿ ಮಾಡಿ ಮತ್ತೆ ತಪಾಸಣೆಗೆ ಒಡ್ಡಬಹುದು. ಖರ್ಚು ಬೀಳುತ್ತದೆ, ಹಡಗು ತಪ್ಪಬಹುದು, ಆದರೂ ಕೆಟ್ಟ ಶರ್ಟು ಒಳ್ಳೆಯ ಶರ್ಟಾಗುತ್ತದೆ. ಕಾಫಿ ಬೀಜಕ್ಕೆ ಈ ಅವಕಾಶವೇ ಇಲ್ಲ. ತೊಟ್ಟಿಯಲ್ಲಿ ಹುಳಿತ ಬೀಜವನ್ನು ಸಿಹಿ ಮಾಡುವ ಯಂತ್ರವಿಲ್ಲ, ಬೂಸ್ಟು ಹಿಡಿದು ಕೆಟ್ಟ ರುಚಿಯನ್ನು ಮತ್ತೆ ಒಣಗಿಸಿ ತೆಗೆಯಲಾಗುವುದಿಲ್ಲ. ಕ್ಯೂರಿಂಗ್ ವರ್ಕ್ಸ್ ಮಾಡಬಹುದಾದದ್ದು ಒಂದೇ: ಕೆಟ್ಟದ್ದನ್ನು ಒಳ್ಳೆಯದರಿಂದ ಬೇರೆ ಮಾಡಿ, ಎಷ್ಟು ಕೆಟ್ಟಿದೆ ಎಂದು ತೂಗಿ ಹೇಳುವುದು. ಹೀಗೆ ಬೇರೆಯಾದ ತೂಕವೆಲ್ಲ ಬೆಳೆಗಾರನ ಲೆಕ್ಕದಿಂದಲೇ ಹೋಗುತ್ತದೆ.

ಕ್ಯೂರಿಂಗ್‌ನಲ್ಲಿ ನಡೆಯುವುದನ್ನು ಹಂತಹಂತವಾಗಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬಂದ ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ತೊಳೆದು ಒಣಗಿಸಿದ ಕಾಫಿ) ಅಥವಾ ಚೆರಿಯಲ್ಲಿನ ಕಲ್ಲು, ಕಡ್ಡಿ, ಮೊಳೆ ತೆಗೆದು, ಬೇಕಿದ್ದರೆ ಮತ್ತೊಮ್ಮೆ ಬಿಸಿಲಿಗೆ ಹಾಕಿ, ಹಲ್ಲರ್‌ನಲ್ಲಿ ಸಿಪ್ಪೆ ಸುಲಿಯುತ್ತಾರೆ. ಆಮೇಲೆ ಜರಡಿ. ಪ್ಲಾಂಟೇಶನ್ ಎಎ ಎನಿಸಿಕೊಳ್ಳಬೇಕಾದರೆ ಶೇಕಡ 90ರಷ್ಟು ಬೀಜ 7.10 ಮಿಲಿಮೀಟರ್ ಜರಡಿಯ ಮೇಲೆ ಉಳಿಯಬೇಕು, ಎ ದರ್ಜೆಗೆ ಅದೇ ಪ್ರಮಾಣ 6.65 ಮಿಲಿಮೀಟರ್ ಮೇಲೆ. ಬಿ ದರ್ಜೆಗೆ 6.00, ಸಿ ದರ್ಜೆಗೆ 5.50 ಮಿಲಿಮೀಟರ್ ಜರಡಿಯ ಮೇಲೆ ಶೇಕಡ 75 ನಿಂತರೆ ಸಾಕು. ಒಂಟಿ ಬೀಜದ ದುಂಡು ಕಾಫಿ ಪಿಬಿ ಎಂದು ಬೇರೆಯಾಗುತ್ತದೆ. ನಂತರ ಗಾಳಿಯಲ್ಲಿ ಮತ್ತು ಅಲುಗುವ ಮೇಜಿನ ಮೇಲೆ ಹಗುರ ಬೀಜ ಹಾರುತ್ತದೆ, ಬಣ್ಣ ನೋಡುವ ಯಂತ್ರ ಕಪ್ಪು ಮತ್ತು ಕಂದು ಬೀಜಗಳನ್ನು ಊದಿ ಹೊರಹಾಕುತ್ತದೆ, ಕೊನೆಗೆ ಹೆಂಗಸರ ಕೈ ಆರಿಸುತ್ತದೆ. ಗಾರ್ಬ್ಲಿಂಗ್ ಎಂದು ಹೆಸರಾದ ಈ ಕೈ ಆಯ್ಕೆಯ ಕೆಲಸ ತಲೆಮಾರುಗಳಿಂದ ಹೆಚ್ಚಾಗಿ ಮಹಿಳೆಯರದ್ದೇ, ನಮ್ಮ ಕಾಫಿಗೆ ಹೊರಗೆ ಸಿಕ್ಕ ಹೆಸರಿನಲ್ಲಿ ಅವರ ಕಣ್ಣಿನ ಪಾಲು ದೊಡ್ಡದು. ಆದರೆ ಈ ಸರಣಿಯಲ್ಲಿ ಎಲ್ಲಿಯೂ ಗುಣ ಸೇರಿಕೊಳ್ಳುವ ಹಂತವೇ ಇಲ್ಲ. ಎಲ್ಲವೂ ಕಳೆಯುವ ಲೆಕ್ಕವೇ. ಕಳೆದದ್ದು ಬಿಟ್ಸ್, ಬ್ಲ್ಯಾಕ್, ಬ್ರೌನ್ ಎಂಬ ಸಾಲುಗಳಲ್ಲಿ ಚೀಟಿಯ ತಳಕ್ಕೆ ಬೀಳುತ್ತದೆ, ಅದರ ಬೆಲೆಯೂ ಹಾಗೆಯೇ ಬೀಳುತ್ತದೆ.

ಈ ತಳದ ಸಾಲುಗಳನ್ನೇ ಬೆಳೆಗಾರ ಮೊದಲು ಓದಬೇಕು. ಯಾಕೆಂದರೆ ಒಂದೊಂದು ದೋಷವೂ ತಾನು ಎಲ್ಲಿ ಹುಟ್ಟಿದೆ ಎಂದು ಹೇಳಿಕೊಂಡೇ ಬರುತ್ತದೆ. ಬೀಜದ ಮೇಲೆ ಕಚ್ಚಿದ ಗಾಯವಿದ್ದು, ಗಾಯದ ಅಂಚು ಕಪ್ಪಾಗಿದ್ದರೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಅಂತರ ಬಿಗಿಯಾಗಿದೆ, ಇಲ್ಲವೇ ಡ್ರಮ್ಮಿನ ತಗಡು ಸವೆದಿದೆ. ದಪ್ಪ ಹಣ್ಣು ಮತ್ತು ಸಣ್ಣ ಹಣ್ಣು ಬೇರೆ ಮಾಡದೆ ಒಟ್ಟಿಗೆ ಸುರಿದರೂ ಹೀಗಾಗುತ್ತದೆ. ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಮುರಿದು ಮೂಸಿದರೆ ವಿನೆಗರ್‌ನಂತೆ ಹೊಡೆಯುವ ಬೀಜ ಹುಳಿಬೀಜ. ಹಣ್ಣು ಕೊಯ್ದ ದಿನವೇ ಪಲ್ಪ್ ಆಗಲಿಲ್ಲ, ಅಥವಾ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಉಳಿಯಿತು ಎಂದು ಅರ್ಥ. ಪೂರ್ತಿ ಕಪ್ಪಾಗಿ ಸುಕ್ಕುಗಟ್ಟಿದ ಬೀಜ ಸಾಮಾನ್ಯವಾಗಿ ಗಿಡದಲ್ಲೇ ಒಣಗಿದ್ದು, ನೆಲಕ್ಕೆ ಬಿದ್ದು ಮಣ್ಣು ಹಿಡಿದದ್ದು ಅಥವಾ ರೋಗ ಬಂದ ರೆಂಬೆಯದ್ದು. ನೆಲದ ಉದುರನ್ನು ಒಳ್ಳೆಯ ಹಣ್ಣಿನ ಬುಟ್ಟಿಗೇ ಹಾಕಿದ ತೋಟದಲ್ಲಿ ಇದು ಹೆಚ್ಚು. ಬೀಜದಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತು ಕಾಯಿಕೊರಕದ ಕೆಲಸ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಈ ಕೀಟ ಆಮೇಲೆ ಕೊಡಗು, ಚಿಕ್ಕಮಗಳೂರಿಗೂ ಬಂತು. ಕೊಯ್ಲಾದ ಮೇಲೆ ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿಯೇ ಮುಂದಿನ ವರ್ಷಕ್ಕೆ ಅದರ ಮನೆ. ಅಂಚೆಲ್ಲ ಬಿಳಚಿಕೊಂಡು, ಉಬ್ಬಿ, ಬೆಂಡಿನಂತಾದ ಬೀಜ ಗೋದಾಮಿನಲ್ಲಿ ತೇವ ಕುಡಿದದ್ದು. ಹಸಿರು ಬೆಳ್ಳಿಪೊರೆ ಬಿಗಿಯಾಗಿ ಅಂಟಿಕೊಂಡಿರುವ, ಸಣ್ಣಗೆ ದೋಣಿಯಂತೆ ಬಾಗಿದ ಬೀಜ ಎಳೆಕಾಯಿಯದ್ದು. ಇದು ಹಸಿಯಲ್ಲಿ ಅಷ್ಟಾಗಿ ಕಾಣದು, ಹುರಿದಾಗ ಉಳಿದವೆಲ್ಲ ಕಂದಾದರೂ ತಾನು ಮಾತ್ರ ಪೇಲವವಾಗಿ ಉಳಿದು ಸಿಕ್ಕಿಬೀಳುತ್ತದೆ. ಕಾಫಿಗೆ ಕಡಲೆಬೀಜದ ಅಥವಾ ಒಣಹುಲ್ಲಿನ ರುಚಿ ತರುವುದು ಇದೇ.

ಇವುಗಳಲ್ಲಿ ಎಷ್ಟಿದ್ದರೆ ಎಷ್ಟು ತಪ್ಪು? ಅಂತರರಾಷ್ಟ್ರೀಯ ಕಾಫಿ ಸಂಘಟನೆ 2004ರಲ್ಲಿ ರೂಪಿಸಿದ 420ನೇ ನಿರ್ಣಯ ರಫ್ತು ಕಾಫಿಗೆ ಒಂದು ಕೆಳಮಿತಿ ಹಾಕಿಕೊಟ್ಟಿತು. 300 ಗ್ರಾಂ ಮಾದರಿಯಲ್ಲಿ ಅರೇಬಿಕಕ್ಕೆ 86, ರೊಬಸ್ಟಾಕ್ಕೆ 150 ದೋಷಗಳಿಗಿಂತ ಹೆಚ್ಚಿರಬಾರದು, ತೇವಾಂಶ ಶೇಕಡ 8ಕ್ಕಿಂತ ಕಡಿಮೆಯೂ 12.5ಕ್ಕಿಂತ ಹೆಚ್ಚೂ ಇರಬಾರದು. ಇದು ದೇಶಗಳ ಸ್ವಇಚ್ಛೆಗೆ ಬಿಟ್ಟ ಗುರಿ, ಆ ಮಟ್ಟದ ಕಾಫಿ ಸಾಧಾರಣ ಕಾಫಿ. ಸ್ಪೆಷಾಲ್ಟಿ ಎಂದು ಹೆಚ್ಚು ಬೆಲೆಗೆ ಮಾರುವ ಕಾಫಿಯ ಲೆಕ್ಕ ತೀರ ಬಿಗಿ. ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್‌ನ (ಎಸ್‌ಸಿಎ) ಪದ್ಧತಿಯಲ್ಲಿ 350 ಗ್ರಾಂ ಹಸಿ ಕಾಫಿಯಲ್ಲಿ ಒಂದೇ ಒಂದು ಪೂರ್ಣ ಕರಿಬೀಜ ಅಥವಾ ಪೂರ್ಣ ಹುಳಿಬೀಜ ಸಿಕ್ಕರೂ ಅದು ಆ ದರ್ಜೆಯಿಂದ ಹೊರಗೆ. ಸಣ್ಣ ದೋಷಗಳೆಲ್ಲ ಸೇರಿ ಐದು ಪೂರ್ಣ ದೋಷ ಮೀರುವಂತಿಲ್ಲ. ಸಣ್ಣ ದೋಷದ ಎಣಿಕೆ ಬೇರೆ ಥರ: ಐದು ಒಡೆದ ಬೀಜ ಅಥವಾ ಐದು ಎಳೆಬೀಜ ಸೇರಿ ಒಂದು ಪೂರ್ಣ ದೋಷ, ಹುಳು ಅಲ್ಪಸ್ವಲ್ಪ ಕೊರೆದ ಬೀಜವಾದರೆ ಹತ್ತಕ್ಕೆ ಒಂದು. ನಮ್ಮ ಅರೇಬಿಕದಲ್ಲಿ ನೂರು ಬೀಜಕ್ಕೆ ಸುಮಾರು 16 ಗ್ರಾಂ ಎಂದು ಹಿಡಿದರೆ 350 ಗ್ರಾಂನಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಬೀಜಗಳಿರುತ್ತವೆ. ಅಷ್ಟರಲ್ಲಿ ಒಂದೂ ಹುಳಿಬೀಜ ಇರಬಾರದು ಎಂಬ ಷರತ್ತನ್ನು ಆರಿಸುವ ಮೇಜಿನಲ್ಲಿ ಪೂರೈಸಹೊರಟರೆ ಕೂಲಿಯೇ ಲಾಭವನ್ನು ತಿನ್ನುತ್ತದೆ. ತೊಟ್ಟಿಯಲ್ಲಿ ಪೂರೈಸುವುದು ಅದಕ್ಕಿಂತ ಎಷ್ಟೋ ಅಗ್ಗ.

ಕೊನೆಯ ಪರೀಕ್ಷೆಯನ್ನು ಅತಿಯಾಗಿ ನಂಬುವವರು ಸ್ಟಿಂಕರ್ ಎಂಬ ಬೀಜದ ವಿಷಯವನ್ನು ಗಮನಿಸಬೇಕು. ಹಿಂದಿನ ದಿನದ ಪಲ್ಪರ್‌ನ ಸಂದಿಯಲ್ಲೋ, ತೊಟ್ಟಿಯ ಮೂಲೆಯಲ್ಲೋ, ಕಾಲುವೆಯ ತಿರುವಿನಲ್ಲೋ ಉಳಿದು ಎರಡು ಮೂರು ದಿನ ಕೊಳೆತ ಬೀಜ ಹೊಸ ಲಾಟಿನ ಜೊತೆ ಸೇರಿಕೊಂಡರೆ ಅದು ಸ್ಟಿಂಕರ್. ಹೊರನೋಟಕ್ಕೆ ಅದು ಹೆಚ್ಚುಕಡಿಮೆ ಒಳ್ಳೆಯ ಬೀಜದಂತೆಯೇ ಇರುತ್ತದೆ. ಮುರಿದಾಗ ಅಥವಾ ಹುರಿದು ಪುಡಿ ಮಾಡಿದಾಗ ಕೊಳೆತ ನಾತ ಬರುತ್ತದೆ. ಒಂದು ಬೀಜ ಒಂದು ಲೋಟ ಕಾಫಿಯನ್ನು ಕೆಡಿಸಲು ಸಾಕು. ಈಗ ಲೆಕ್ಕ ಹಾಕಿ. ರುಚಿ ಪರೀಕ್ಷೆಯಲ್ಲಿ ಒಂದು ಕಪ್ಪಿಗೆ ಹಾಕುವುದು ಸುಮಾರು 8.25 ಗ್ರಾಂ, ಎಂದರೆ ಐವತ್ತು ಬೀಜ. ಐದು ಕಪ್ ಸೇರಿದರೆ ಇನ್ನೂರೈವತ್ತು ಬೀಜ. ಸಾವಿರಕ್ಕೆ ಒಂದು ಸ್ಟಿಂಕರ್ ಇರುವ ಲಾಟಿನಲ್ಲಿ ಈ ಐದು ಕಪ್ಪುಗಳಲ್ಲಿ ಒಂದಾದರೂ ಸಿಕ್ಕಿಬೀಳುವ ಸಂಭವ ಶೇಕಡ 22ರಷ್ಟು ಮಾತ್ರ. ಎಂದರೆ ಅಂಥ ಐದು ಲಾಟುಗಳಲ್ಲಿ ನಾಲ್ಕು ಸಲೀಸಾಗಿ ಪಾಸಾಗುತ್ತವೆ. ಪಾಸಾದದ್ದು ಬೆಳೆಗಾರನ ಅದೃಷ್ಟ ಅನ್ನಿಸಬಹುದು. ಹಾಗಲ್ಲ. ಸಾವಿರಕ್ಕೆ ಒಂದು ಎಂದರೆ ಪ್ರತಿ ಇಪ್ಪತ್ತು ಕಪ್ಪಿಗೆ ಒಂದು ಕೆಟ್ಟ ಕಪ್. ರೋಸ್ಟರ್‌ನ ಗಿರಾಕಿ ಅದನ್ನು ಕುಡಿದೇ ಕುಡಿಯುತ್ತಾನೆ, ಮುಂದಿನ ವರ್ಷ ಆ ತೋಟದ ಕಾಫಿಗೆ ಕರೆ ಬರುವುದಿಲ್ಲ, ಕಾರಣವೂ ತಿಳಿಯುವುದಿಲ್ಲ. ಯಾವ ಮಾದರಿ ಪರೀಕ್ಷೆಯೂ ಖಚಿತವಾಗಿ ಹಿಡಿಯಲಾರದ ಈ ದೋಷವನ್ನು ತಡೆಯಲು ಬೇಕಾದದ್ದು ದಿನದ ಕೆಲಸ ಮುಗಿದ ಮೇಲೆ ಪಲ್ಪರ್, ಕಾಲುವೆ, ತೊಟ್ಟಿಯ ಮೂಲೆಗಳನ್ನು ನೀರು ಹೊಡೆದು ತೊಳೆದು, ಒಂದು ಬೀಜವೂ ಉಳಿದಿಲ್ಲ ಎಂದು ಕೈಯಾಡಿಸಿ ನೋಡುವುದು. ಯಾರು ನೋಡಿದರು ಎಂದು ತೋಟದ ರೈಟರ್ ಪುಸ್ತಕದಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ತೇವಾಂಶ. ನಮ್ಮ ಸೀಮೆಗೆ ಇದು ಮುಖ್ಯ ಪ್ರಶ್ನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಮೂಡಿಗೆರೆ, ಕಳಸದ ಕಡೆ ಕೊಯ್ಲಿನ ಕಾಲದಲ್ಲಿ ಬೆಳಗಿನ ಮಂಜು ದಟ್ಟ, ಕಣಕ್ಕೆ ಬಿಸಿಲು ಬೀಳುವುದೇ ತಡ. ಅದರ ಮೇಲೆ ಅಕಾಲ ಮಳೆ. 2021ರ ನವೆಂಬರ್‌ನಲ್ಲಿ ಅರೇಬಿಕ ಹಣ್ಣಾದ ಹೊತ್ತಿಗೇ ಸುರಿದ ಮಳೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹಣ್ಣನ್ನು ಗಿಡದಲ್ಲೇ ಒಡೆದು ಉದುರಿಸಿತು, ಕಣದಲ್ಲಿದ್ದದ್ದನ್ನು ನೆನೆಸಿತು. ಕಾಫಿ ಮಂಡಳಿಯ ಶಿಫಾರಸಿನ ಪ್ರಕಾರ ಪಾರ್ಚ್‌ಮೆಂಟ್ ಶೇಕಡ 10ಕ್ಕೆ, ಅರೇಬಿಕ ಚೆರಿ 10.5ಕ್ಕೆ, ರೊಬಸ್ಟಾ ಚೆರಿ 11ಕ್ಕೆ ಒಣಗಬೇಕು. ಹಸಿ ಇದ್ದಾಗಲೇ ಮಾರಿದರೆ ತೂಕ ಹೆಚ್ಚು ಎಂಬ ಲೆಕ್ಕ ಹಲವರದ್ದು. ಲೆಕ್ಕ ನೋಡೋಣ: 13ರಷ್ಟು ತೇವಾಂಶವಿರುವ 50 ಕೆಜಿ ಚೆರಿ 11ಕ್ಕೆ ಇಳಿದಾಗ 48.9 ಕೆಜಿ ಆಗುತ್ತದೆ. ಅಂದರೆ ಆಸೆಪಟ್ಟದ್ದು ಚೀಲಕ್ಕೆ ಒಂದು ಕೆಜಿ ನೂರು ಗ್ರಾಂ ನೀರಿಗೆ. ವ್ಯಾಪಾರಿಯ ಮೀಟರ್ ಅದನ್ನು ಹೇಗೂ ಕಳೆಯುತ್ತದೆ. ಇದರ ತಿರುಗುಮುರುಗು ತಪ್ಪೂ ಉಂಟು, ಅದರ ಬಗ್ಗೆ ಮಾತು ಕಡಿಮೆ. ಭಯಪಟ್ಟು ಪಾರ್ಚ್‌ಮೆಂಟನ್ನು 8ರವರೆಗೆ ಒಣಗಿಸಿದರೆ, 10ರಲ್ಲಿ 50 ಕೆಜಿ ಇರಬೇಕಾದ ಚೀಲ 48.9 ಕೆಜಿಗೆ ಇಳಿಯುತ್ತದೆ, ಇದನ್ನು ಯಾರೂ ತುಂಬಿಕೊಡುವುದಿಲ್ಲ, ಜೊತೆಗೆ ಅತಿ ಒಣಗಿದ ಬೀಜ ಹಲ್ಲರ್‌ನಲ್ಲಿ ಒಡೆದು ಬಿಟ್ಸ್ ಆಗುತ್ತದೆ. ಎರಡೂ ಕಡೆ ನಷ್ಟ ಒಂದೇ, ಆದ್ದರಿಂದ ನಾಲ್ಕೈದು ಮನೆಯವರು ಸೇರಿಯಾದರೂ ಒಂದು ಮೀಟರ್ ಕೊಳ್ಳುವುದು ದುಬಾರಿಯಾಗಲಾರದು. ಮೀಟರ್ ಇಲ್ಲದಿದ್ದರೆ ಹಳೆಯ ವಿಧಾನವೇ ಸಾಕು: ಒಂದು ಗುರುತಿನ ಬುಟ್ಟಿಯನ್ನು ದಿನವೂ ಒಂದೇ ಹೊತ್ತಿಗೆ ತೂಗಿ, ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದು ತಿಳಿಯಬಹುದು.

ತೇವಾಂಶದ ವಿಷಯ ತೂಕಕ್ಕೇ ನಿಲ್ಲುವುದಿಲ್ಲ. ಸರಿಯಾಗಿ ಒಣಗದ ಕಾಫಿಯಲ್ಲಿ ಬೆಳೆಯುವ ಕೆಲವು ಬೂಸ್ಟುಗಳು ಓಕ್ರಾಟಾಕ್ಸಿನ್ ಎಂಬ ವಿಷವಸ್ತುವನ್ನು ಬಿಡುತ್ತವೆ. ಹುರಿದರೆ ಅದು ಸ್ವಲ್ಪ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಐರೋಪ್ಯ ಒಕ್ಕೂಟ ಹುರಿದ ಕಾಫಿಗೆ ಇದರ ಮಿತಿಯನ್ನು ಕೆಜಿಗೆ 5 ಮೈಕ್ರೋಗ್ರಾಂ ಇದ್ದದ್ದನ್ನು 2023ರಿಂದ 3ಕ್ಕೆ ಇಳಿಸಿದೆ. ನಮ್ಮ ಕಾಫಿಯ ಅತಿ ದೊಡ್ಡ ಖರೀದಿದಾರ ಇಟಲಿ ಆ ಒಕ್ಕೂಟದಲ್ಲೇ ಇದೆ. ಕಣ್ಣಿಗೂ ಮೂಗಿಗೂ ಸಿಗದ ಈ ದೋಷ ಪ್ರಯೋಗಾಲಯದಲ್ಲಷ್ಟೇ ಗೊತ್ತಾಗುತ್ತದೆ, ಗೊತ್ತಾದಾಗ ಇಡೀ ಲಾಟೇ ನಿಲ್ಲುತ್ತದೆ. ಇದಕ್ಕೆ ತೋಟದಲ್ಲಿರುವ ಉಪಾಯವೆಲ್ಲ ಹಳೆಯದೇ: ಮಣ್ಣಿನ ನೆಲದಲ್ಲಿ ಒಣಗಿಸದಿರುವುದು, ತೆಳುವಾಗಿ ಹರಡಿ ಆಗಾಗ ಕೈಯಾಡಿಸುವುದು, ಸಂಜೆ ರಾಶಿ ಮಾಡಿ ಮುಚ್ಚುವುದು, ಮಳೆಗೆ ನೆಂದದ್ದನ್ನು ಒಣಗಿದ್ದರ ಜೊತೆ ಬೆರೆಸದೆ ಬೇರೆ ಲಾಟ್ ಮಾಡುವುದು. ನಿಗದಿತ ಮಟ್ಟಕ್ಕೆ ಒಣಗಿದ ಬೀಜದಲ್ಲಿ ಕಾಯಿಕೊರಕವೂ ಉಳಿಯುವುದಿಲ್ಲ ಎಂಬುದು ಮೇಲಿನ ಲಾಭ.

ಕಣದ ಪರೀಕ್ಷೆಯನ್ನು ಹೀಗೆ ಮಾಡಬಹುದು. ಒಣಗಿದ ಕಾಫಿಯನ್ನು ಲಾಟುಗಳಾಗಿ ಇಟ್ಟುಕೊಳ್ಳಿ: ಯಾವ ಬ್ಲಾಕಿನದು, ಯಾವ ವಾರದ ಕೊಯ್ಲು ಎಂದು ಚೀಲಕ್ಕೆ ಚೀಟಿ ಹೊಲಿದರೆ ಸಾಕು. ಲಾಟಿನಲ್ಲಿ ಹತ್ತು ಚೀಲದವರೆಗೆ ಇದ್ದರೆ ಪ್ರತಿ ಚೀಲದಿಂದಲೂ, ಹೆಚ್ಚಿದ್ದರೆ ಅಲ್ಲಲ್ಲಿ ಆರಿಸಿದ ಹತ್ತು ಹನ್ನೆರಡು ಚೀಲಗಳಿಂದಲೂ, ಮೇಲಿಂದ, ನಡುವಿಂದ, ತಳದಿಂದ ಹಿಡಿ ಹಿಡಿ ತೆಗೆಯಿರಿ. ಮೇಲಿನ ಹಿಡಿಯೊಂದೇ ತೆಗೆಯುವುದು ತನಗೆ ತಾನೇ ಮೋಸ ಮಾಡಿಕೊಂಡಂತೆ. ಎಲ್ಲವನ್ನೂ ಒಂದು ಟಾರ್ಪಲ್ ಮೇಲೆ ಸುರಿದು, ಚೆನ್ನಾಗಿ ಬೆರೆಸಿ, ರೊಟ್ಟಿಯಂತೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸಿ. ಒಂದು ಕೆಜಿಗೆ ಇಳಿಯುವವರೆಗೆ ಇದನ್ನೇ ಮಾಡಿ. ಅದನ್ನು ಸುಲಿದು ಬಂದ ಬೀಜವನ್ನು ತೂಗಿದರೆ ನಿಮ್ಮ ಔಟ್‌ಟರ್ನ್ ನಿಮ್ಮ ಕೈಯಲ್ಲೇ ಇದೆ. ಬೀಜದಿಂದ 300 ಗ್ರಾಂ ತೆಗೆದು, ನೆರಳಿನ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ಹರಡಿ. ಬಿಳಿ ಬಟ್ಟೆಗಿಂತ ಕಪ್ಪು ಬಟ್ಟೆಯ ಮೇಲೆ ಬಿಳಚಿದ ಬೀಜವೂ ಬೂಸ್ಟೂ ಬೇಗ ಕಾಣುತ್ತದೆ. ಬಿಸಿಲಿನಲ್ಲಿ ಕೂತರೆ ಬಣ್ಣದ ಭೇದ ಗೊತ್ತಾಗದು. ಮೊದಲು ಎರಡು ಕೈಯಲ್ಲಿ ಬೀಜ ಎತ್ತಿ ಮೂಗಿಗೆ ಹಿಡಿಯಿರಿ, ಆಮೇಲೆ ಆರಿಸಿ. ಮೇಲೆ ಹೇಳಿದ ದೋಷಗಳನ್ನು ಒಂದೊಂದು ಗುಡ್ಡೆ ಮಾಡಿ, ಎಣಿಸಿ, ಕಣದ ಪುಸ್ತಕವೊಂದರಲ್ಲಿ ಬರೆಯಿರಿ. ಅತಿ ದೊಡ್ಡ ಗುಡ್ಡೆ ಯಾವುದೋ ಅದರ ಮೂಲವನ್ನು ಮಾತ್ರ ಆ ವಾರ ಸರಿಪಡಿಸಿ. ಎಲ್ಲವನ್ನೂ ಒಟ್ಟಿಗೆ ಸರಿಮಾಡಹೊರಟವರು ಯಾವುದನ್ನೂ ಮಾಡಿ ಮುಗಿಸುವುದಿಲ್ಲ.

ರುಚಿ ನೋಡುವುದಕ್ಕೆ ಯಂತ್ರ ಬೇಕೆಂಬ ಹೆದರಿಕೆ ಬೇಡ. ದಪ್ಪ ತಳದ ಬಾಣಲೆಯಲ್ಲಿ ಕೈಬಿಡದೆ ತಿರುವಿ, ಕಪ್ಪಾಗಿಸದೆ, ಹದವಾದ ಕಂದಿಗೆ ಹುರಿದು ಒಂದು ರಾತ್ರಿ ಬಿಡಿ. ನೂರು ಗ್ರಾಂ ಹುರಿದ ಬೀಜದಲ್ಲಿ ಪೇಲವವಾಗಿ ಉಳಿದವೆಷ್ಟು ಎಂದು ಎಣಿಸಿದರೆ ಎಳೆಕಾಯಿ ಕೊಯ್ದದ್ದರ ಲೆಕ್ಕ ಸಿಗುತ್ತದೆ. ಐದು ಲೋಟ ಸಾಲಾಗಿಟ್ಟು ಒಂದೊಂದಕ್ಕೂ ಎಂಟು ಗ್ರಾಂ ಬೀಜವನ್ನು ಬೇರೆ ಬೇರೆಯಾಗಿಯೇ ತರಿತರಿಯಾಗಿ ಪುಡಿ ಮಾಡಿ. ಒಟ್ಟಿಗೆ ಪುಡಿ ಮಾಡಿ ಹಂಚಿದರೆ ಕೆಟ್ಟ ಬೀಜದ ವಾಸನೆ ಐದಕ್ಕೂ ಹರಡಿ ತೆಳುವಾಗಿ, ತಪ್ಪು ಮರೆಯಾಗುತ್ತದೆ. ಕುದಿದು ಒಂದು ನಿಮಿಷ ಆರಿದ ನೀರನ್ನು 150 ಮಿಲಿಲೀಟರಿನಷ್ಟು ಹೊಯ್ದು, ನಾಲ್ಕು ನಿಮಿಷದ ನಂತರ ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದ ಬೆನ್ನಿನಿಂದ ಸರಿಸಿ, ಮೂಗನ್ನು ಹತ್ತಿರ ತನ್ನಿ. ಹುಳಿ ಹೆಂಡ, ಒದ್ದೆ ಗೋಣಿ, ಮಣ್ಣು, ಔಷಧಿ, ಕೊಳೆತ ಹಣ್ಣು: ಏನಿದ್ದರೂ ಆ ಕ್ಷಣದಲ್ಲಿ ಎದ್ದು ಬರುತ್ತದೆ. ಹಾಲು ಸಕ್ಕರೆ ಹಾಕದೆ, ಬಿಸಿಯಿದ್ದಾಗ ಒಮ್ಮೆ, ಆರಿದ ಮೇಲೆ ಒಮ್ಮೆ ಕುಡಿಯಿರಿ. ಐದು ಲೋಟವೂ ಒಂದೇ ಥರ ಇವೆಯೇ ಎನ್ನುವುದಷ್ಟೇ ಮೊದಲ ವರ್ಷ ಕೇಳಬೇಕಾದ ಪ್ರಶ್ನೆ. ಹೂವಿನ ಪರಿಮಳ, ಹಣ್ಣಿನ ಸೊಗಡು ಇತ್ಯಾದಿ ಗುರುತಿಸುವುದನ್ನು ಅಭ್ಯಾಸವಾದ ಮೇಲೆ ಕಲಿಯಬಹುದು. ನಾಲ್ಕು ಚೆನ್ನಾಗಿದ್ದು ಒಂದು ಕೆಟ್ಟಿದ್ದರೆ, ಬಿಡಿ ಬೀಜಗಳೇ ಕೆಟ್ಟಿವೆ, ತೊಟ್ಟಿ ಮತ್ತು ಪಲ್ಪರ್ ನೋಡಿ. ಐದಕ್ಕೂ ಒಂದೇ ದೋಷವಿದ್ದರೆ ಇಡೀ ಲಾಟಿಗೆ ಆದದ್ದು, ಒಣಗಿಸಿದ ರೀತಿಯನ್ನೂ ಇಟ್ಟ ಜಾಗವನ್ನೂ ನೋಡಿ.

ಇಷ್ಟೆಲ್ಲ ಮಾಡಿ ಏನು ಪ್ರಯೋಜನ, ಬೆಲೆಯನ್ನು ನ್ಯೂಯಾರ್ಕ್ ಮತ್ತು ಲಂಡನ್ ಮಾರುಕಟ್ಟೆ ಗೊತ್ತುಮಾಡುತ್ತವಲ್ಲ ಎಂಬ ಆಕ್ಷೇಪ ಬಲವಾದದ್ದು. 2024–25ರಲ್ಲಿ ದರ ದಾಖಲೆ ಮಟ್ಟಕ್ಕೆ ಏರಿದಾಗ ಎಂಥ ಕಾಫಿಯೂ ಮಾರಾಟವಾಯಿತು ಎನ್ನುವ ಮಾತಿನಲ್ಲೂ ಸತ್ಯವಿದೆ. ಗುಣದ ಬಗ್ಗೆ ತಲೆಕೆಡಿಸಿಕೊಳ್ಳದಿರಲು ಹಿಂದೆ ಇದಕ್ಕೂ ಗಟ್ಟಿಯಾದ ಕಾರಣವಿತ್ತು. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಅಲ್ಲಿ ಎಲ್ಲರ ಕಾಫಿಯೂ ದರ್ಜೆವಾರು ಒಟ್ಟಾಗುತ್ತಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು, ಕೊಳ್ಳುವವನಿಗೂ ತೋಟಕ್ಕೂ ಪರಿಚಯವೇ ಇರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಆ ವ್ಯವಸ್ಥೆ ಪೂರ್ತಿ ಕೊನೆಯಾಯಿತು. ಅಂದಿನಿಂದ ಮಾರಾಟದ ಸ್ವಾತಂತ್ರ್ಯವೇನೋ ಬಂತು, ಗುಣದ ಜವಾಬ್ದಾರಿಯನ್ನು ಮಾತ್ರ ನಾವು ಇನ್ನೂ ಬೇರೆಯವರದ್ದೆಂದೇ ಭಾವಿಸಿದ್ದೇವೆ. ಮಾರುಕಟ್ಟೆ ಗೊತ್ತುಮಾಡುವುದು ಮೂಲ ದರವನ್ನು. ಅದರ ಮೇಲೆ ಸೇರುವುದೋ ಅದರಿಂದ ಕಳೆಯುವುದೋ ದರ್ಜೆ ಮತ್ತು ದೋಷದ ಲೆಕ್ಕದಲ್ಲಿ. ರೊಬಸ್ಟಾ ಚೆರಿಗೆ ಊರಿನ ವ್ಯಾಪಾರಿ ಕೊಡುವ ಬೆಲೆಯೇ ಔಟ್‌ಟರ್ನ್ ಲೆಕ್ಕದ್ದು. ಐವತ್ತು ಕೆಜಿ ಚೀಲಕ್ಕೆ 26 ಕೆಜಿ ಬೀಜ ಬರುವ ಚೆರಿಗೂ 28 ಬರುವ ಚೆರಿಗೂ ನಡುವೆ ಇರುವ ಎರಡು ಕೆಜಿ, ದರ ಏರಿದಷ್ಟೂ ದೊಡ್ಡ ಮೊತ್ತವಾಗುತ್ತದೆ. ಆದ್ದರಿಂದ ಒಳ್ಳೆಯ ದರದ ವರ್ಷದಲ್ಲೇ ಪರೀಕ್ಷೆಯ ಲಾಭ ಹೆಚ್ಚು. ದರ ಇಳಿದ ವರ್ಷಗಳಲ್ಲಿ ಮೊದಲು ಬೇಡವೆನಿಸಿಕೊಳ್ಳುವುದೂ ದೋಷವಿರುವ ಲಾಟೇ.

ಬಣ್ಣ ನೋಡಿ ಆರಿಸುವ ಯಂತ್ರ ಬಂದ ಮೇಲೆ ಈ ಚಿಂತೆ ಬೇಕೆ ಎಂದು ಕೆಲವರು ಕೇಳುತ್ತಾರೆ. ಯಂತ್ರ ಕಪ್ಪು ಬೀಜವನ್ನು ಚೆನ್ನಾಗಿ ಹಿಡಿಯುತ್ತದೆ, ದಣಿಯುವುದಿಲ್ಲ, ಅದನ್ನು ಹಳಿಯಲು ಕಾರಣವಿಲ್ಲ. ಆದರೆ ಬಣ್ಣ ಬದಲಾಗದ ದೋಷ ಅದಕ್ಕೆ ಕಾಣದು: ಸ್ಟಿಂಕರ್, ಔಷಧಿಯ ವಾಸನೆ, ಬೂಸ್ಟಿನ ವಿಷ ಯಾವುದೂ ಬಣ್ಣದಲ್ಲಿರುವುದಿಲ್ಲ. ಕಂಡದ್ದನ್ನೂ ಅದು ತೆಗೆದುಹಾಕಬಲ್ಲದೇ ಹೊರತು ಒಳ್ಳೆಯದು ಮಾಡಲಾರದು, ತೆಗೆದುಹಾಕಿದ್ದರ ತೂಕ ನಿಮ್ಮದೇ.

ಸಣ್ಣ ಬೆಳೆಗಾರರ ಆಕ್ಷೇಪಕ್ಕೆ ಹೆಚ್ಚು ಎಚ್ಚರದಿಂದ ಉತ್ತರಿಸಬೇಕು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಎರಡು ಎಕರೆಯವನಿಗೆ ಪಲ್ಪರ್ ಇಲ್ಲ, ಕೊಯ್ಲಿಗೆ ಆಳಿಲ್ಲ, ಮೂರು ಸಲ ಹಣ್ಣನ್ನೇ ಆರಿಸಿ ಕೊಯ್ಯಿಸು ಎಂದರೆ ಕೂಲಿ ಎಲ್ಲಿಂದ ತರಬೇಕು? ಈ ಕಷ್ಟ ನಿಜ. ಕೆಜಿ ಲೆಕ್ಕದ ಕೊಯ್ಲಿನಲ್ಲಿ ಕಾಯಿ ಹಣ್ಣು ಎಲ್ಲ ಸೇರಿ ಉದುರುವುದನ್ನು ಉಪದೇಶದಿಂದ ತಡೆಯಲಾಗುವುದಿಲ್ಲ. ಹಾಗಿರುವಾಗ ಪರೀಕ್ಷೆಯಿಂದ ಅವನಿಗೆ ಸಿಗುವುದು ಎರಡು. ಕೊಯ್ದದ್ದನ್ನು ನೀರಿಗೆ ಹಾಕಿ ತೇಲಿದ ಜೊಳ್ಳನ್ನು ಬೇರೆ ಒಣಗಿಸುವುದು, ಕಾಯಿಯನ್ನು ಬೇರೆ ಗುಡ್ಡೆ ಮಾಡುವುದು, ನೆಲದ ಉದುರನ್ನು ಕೊನೆಗೆ ಪ್ರತ್ಯೇಕ ಮಾರುವುದು, ಇವು ಮನೆಯವರೇ ಮಾಡಬಹುದಾದ ಕೆಲಸಗಳು. ಬೇರೆ ಬೇರೆ ಮಾಡಿದ ಮೂರು ರಾಶಿಗೆ ಸಿಗುವ ಒಟ್ಟು ಹಣ ಎಲ್ಲ ಬೆರೆತ ಒಂದು ರಾಶಿಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಒಂದು ವರ್ಷದ ಚೀಟಿಗಳೇ ಹೇಳುತ್ತವೆ. ಎರಡನೆಯದು, ವ್ಯಾಪಾರಿಯ ಮುಂದೆ ನಿಲ್ಲುವ ಬಲ. ಮನೆಯಲ್ಲೇ ಔಟ್‌ಟರ್ನ್ 27.5 ಎಂದು ತೂಗಿಕೊಂಡು ಹೋದವನಿಗೆ ಅಂಗಡಿಯಲ್ಲಿ 26 ಎಂದರೆ ಮತ್ತೊಮ್ಮೆ ಸುಲಿದು ತೋರಿಸಿ ಎಂದು ಕೇಳುವ ಧೈರ್ಯ ಬರುತ್ತದೆ. ಹತ್ತು ಮನೆಯವರು ಒಂದೇ ಬಗೆಯ ಲೆಕ್ಕ ಇಟ್ಟರೆ ಒಟ್ಟಾಗಿ ಒಂದು ಲಾಟ್ ಮಾಡಿ ಕ್ಯೂರಿಂಗ್‌ಗೆ ಕಳಿಸುವ ಮಾತೂ ಆಡಬಹುದು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ, ಒಣಗಿಸುವ ಹದ, ಪಲ್ಪರ್ ಹೊಂದಿಸುವ ಕ್ರಮ ಇಂಥದ್ದನ್ನು ಅಲ್ಲಿ ಕೇಳಿ ತಿಳಿಯಲು ಹಿಂಜರಿಯಬಾರದು.

ಕಳಿಸುವ ದಿನಕ್ಕೆ ಕೆಲವು ಎಚ್ಚರಿಕೆಗಳು ಉಳಿದಿವೆ. ಗೊಬ್ಬರದ ಚೀಲದಲ್ಲಿ, ಸೀಮೆಎಣ್ಣೆ ಅಥವಾ ಕೀಟನಾಶಕ ಇಟ್ಟ ಕೋಣೆಯಲ್ಲಿ ಕಾಫಿ ಇಡಬಾರದು, ಮೆಣಸು, ಅಡಿಕೆಯ ಜೊತೆಗೂ ಬೇಡ, ಕಾಫಿ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಚೀಲಗಳು ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ ಇರಲಿ. ದರ ಏರಲಿ ಎಂದು ಕಾಯುವವರು ಜೂನ್ ಮಳೆಗೆ ಮೊದಲೇ ಕ್ಯೂರಿಂಗ್ ವರ್ಕ್ಸ್‌ನ ಒಣ ಗೋದಾಮಿಗೆ ಕಳಿಸಿ ಅಲ್ಲಿ ಕಾಯುವುದು ಮೇಲು. ನಮ್ಮ ಗುಡ್ಡಗಳ ಮಳೆಗಾಲದಲ್ಲಿ ಹತ್ತರ ಹದಕ್ಕೆ ಒಣಗಿದ ಪಾರ್ಚ್‌ಮೆಂಟ್ ಮನೆಯ ಕೋಣೆಯಲ್ಲಿ ಮತ್ತೆ ತೇವ ಹೀರಿ ಬಿಳಚುತ್ತದೆ. ಕ್ಯೂರಿಂಗ್‌ನಿಂದ ಚೀಟಿ ಬಂದಾಗ ಒಟ್ಟು ಹಣ ನೋಡಿ ಮಡಚಿಡದೆ, ಎ, ಬಿ, ಸಿ, ಪಿಬಿ, ಬಿಟ್ಸ್, ಬ್ಲ್ಯಾಕ್ ಒಂದೊಂದರ ಶೇಕಡವಾರನ್ನು ಕಣದ ಪುಸ್ತಕದ ಎಣಿಕೆಯ ಪಕ್ಕದಲ್ಲಿ ಬರೆಯಿರಿ. ಎರಡಕ್ಕೂ ತುಂಬ ಅಂತರವಿದ್ದರೆ ಕಾರಣ ಕೇಳಿ, ಕೇಳುವ ಹಕ್ಕು ನಿಮಗಿದೆ. ಕೇಳಲು ಆಧಾರ ಬೇಕಲ್ಲ, ಅದಕ್ಕೆ ಲಾರಿ ಹೊರಡುವ ಮೊದಲು, ಮೇಲೆ ಹೇಳಿದಂತೆ ಬೆರೆಸಿ ತೆಗೆದ ಮಾದರಿಯಿಂದ ಅರ್ಧರ್ಧ ಕೆಜಿಯ ಎರಡು ಪೊಟ್ಟಣ ಕಟ್ಟಿ, ಗಾಳಿಯಾಡದಂತೆ ಮುಚ್ಚಿ, ಲಾಟಿನ ಗುರುತು, ತಾರೀಕು, ತೇವಾಂಶ, ಚೀಲದ ಸಂಖ್ಯೆ ಬರೆದು, ನೀವೂ ಸರಕು ಒಪ್ಪಿಕೊಳ್ಳುವವರೂ ಅದರ ಮೇಲೆ ಸಹಿ ಹಾಕಿ. ಒಂದು ಅವರ ಬಳಿ, ಇನ್ನೊಂದು ನಿಮ್ಮ ಮನೆಯ ಒಣಗಿದ ಜಾಗದಲ್ಲಿ, ಹಣ ಪೂರ್ತಿ ಕೈಸೇರುವವರೆಗೆ ಹಾಗೆಯೇ ಇರಲಿ.